ಸೇಲ್ಸ್ ಸಂದರ್ಶನದಲ್ಲಿ ಏರಿಯಾದ ಲೆಕ್ಕವನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿ ಸೇಲ್ಸ್ ಕೆಲಸಕ್ಕೆ ಸಂದರ್ಶನ ನಡೆಯದ ವಾರವೇ ಇಲ್ಲ ಎನ್ನಬಹುದು. ಸಾಬೂನು, ಬಿಸ್ಕತ್ತು, ಔಷಧ, ಬೀಜ, ಬಣ್ಣ, ವಿಮೆ, ಬೈಕು, ಎಲ್ಲ ವ್ಯಾಪಾರಕ್ಕೂ ಹುಡುಗರು ಬೇಕು. ಅಥಣಿ, ರಾಮದುರ್ಗ, ರಾಯಬಾಗದ ಕಡೆಯ ಪದವೀಧರರು ನಸುಕಿನ ಬಸ್ಸು ಹಿಡಿದು ಬಂದು, ಯಾವುದೋ ಹೋಟೆಲಿನ ಹಾಲ್‌ನಲ್ಲಿ ಮಧ್ಯಾಹ್ನದವರೆಗೆ ಸರದಿ ಕಾಯುತ್ತಾರೆ. ಒಳಗೆ ಹೋದರೆ ಹತ್ತು ನಿಮಿಷದ ಮಾತು. ‘ನಿಮ್ಮ ಬಗ್ಗೆ ಹೇಳಿ’, ‘ಈ ಪೆನ್ನು ಮಾರಿ ತೋರಿಸಿ’, ‘ಟಾರ್ಗೆಟ್ ಒತ್ತಡ ತಡೆಯುತ್ತೀರಾ’. ‘ಫೋನ್ ಮಾಡ್ತೀವಿ’ ಎಂದರೆ ಮುಗಿಯಿತು. ಆಯ್ಕೆಯಾದವರಲ್ಲೂ ಎಷ್ಟೋ ಮಂದಿ ಮೂರು ತಿಂಗಳಲ್ಲಿ ಬ್ಯಾಗು ವಾಪಸು ಕೊಟ್ಟು ಊರಿಗೆ ಹೋಗುತ್ತಾರೆ. ಹುಡುಗನಿಗೆ ಮಾರಾಟ ಬರುವುದಿಲ್ಲ ಎಂದು ಕಂಪನಿ ಬರೆದುಕೊಳ್ಳುತ್ತದೆ. ನನ್ನಿಂದ ಆಗದು ಎಂದು ಹುಡುಗನೂ ಕೈಚೆಲ್ಲುತ್ತಾನೆ. ಬಹಳ ಸಲ ಎರಡೂ ತಪ್ಪು. ಸಂದರ್ಶನದ ದಿನ ಹೇಳಬೇಕಿದ್ದ ಲೆಕ್ಕವನ್ನು ಅವರು ಹೇಳಿರುವುದಿಲ್ಲ, ಕೇಳಬೇಕಿದ್ದ ಲೆಕ್ಕವನ್ನು ಇವನು ಕೇಳಿರುವುದಿಲ್ಲ. ಆ ಲೆಕ್ಕಗಳು ಯಾವುವು ಎಂಬುದನ್ನು, ಈ ಕಸುಬಿನಲ್ಲೇ ಇರುವ ನಾವು ನಿಮ್ಮ ಓದುಗರಿಗೆ ಬಿಡಿಸಿ ಹೇಳಬಯಸುತ್ತೇವೆ.

ಎಲ್ಲಕ್ಕಿಂತ ದೊಡ್ಡದು ಖಾಲಿ ಸೀಟಿನ ಲೆಕ್ಕ. ಈ ಏರಿಯಾ ಯಾಕೆ ಖಾಲಿಯಾಯಿತು, ಹಿಂದಿನವರು ಯಾವಾಗ ಬಿಟ್ಟರು ಎಂದು ಅಭ್ಯರ್ಥಿ ಕೇಳಲೇಬೇಕು. ಕಾರಣವಿದೆ. ಕಂಪನಿ ಡಿಸ್ಟ್ರಿಬ್ಯೂಟರನಿಗೆ ಕಳಿಸುವ ಮಾಲು ಪ್ರೈಮರಿ, ಡಿಸ್ಟ್ರಿಬ್ಯೂಟರ್ ಅಂಗಡಿಗಳಿಗೆ ಮಾರುವುದು ಸೆಕೆಂಡರಿ. ಟಾರ್ಗೆಟ್ ಹೆಚ್ಚಾಗಿ ಪ್ರೈಮರಿಯ ಮೇಲೆ ನಿಂತಿರುತ್ತದೆ. ಬೈಲಹೊಂಗಲದಂಥ ಊರಿನಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ತಿಂಗಳಿಗೆ 6 ಲಕ್ಷ ರೂಪಾಯಿ ಸೆಕೆಂಡರಿ ಮಾಡುತ್ತಾನೆ ಎಂದುಕೊಳ್ಳಿ. ಹದಿನೈದು ದಿನದ ಮಾಲು, ಅಂದರೆ 3 ಲಕ್ಷದ್ದು, ಗೋದಾಮಿನಲ್ಲಿದ್ದರೆ ಅವನಿಗೆ ಸಾಕು. ಮಾರ್ಚ್‌ನಲ್ಲಿ ವರ್ಷದ ಟಾರ್ಗೆಟ್ ಮುಟ್ಟಿಸಲು ಹಳೆಯ ಸೇಲ್ಸ್‌ಮನ್ 15 ಲಕ್ಷದ ಮಾಲು ಹೊರಿಸುತ್ತಾನೆ. ಮೊದಲಿದ್ದ 3 ಲಕ್ಷ ಸೇರಿಸಿ, ತಿಂಗಳ ಮಾರಾಟ 6 ಲಕ್ಷ ಕಳೆದರೆ ಏಪ್ರಿಲ್ 1ಕ್ಕೆ ಗೋದಾಮಿನಲ್ಲಿ 12 ಲಕ್ಷದ ಮಾಲು ಕೂತಿರುತ್ತದೆ. ಅದು ಎರಡು ತಿಂಗಳ ವ್ಯಾಪಾರ. ಹಳಬ ಇನ್ಸೆಂಟಿವ್ ತೆಗೆದುಕೊಂಡು ಬೇರೆ ಕಂಪನಿಗೆ ಹೋದ. ಏಪ್ರಿಲ್‌ನಲ್ಲಿ ಸೇರಿದ ಹೊಸ ಹುಡುಗ ಎಷ್ಟೇ ಚುರುಕಾಗಿದ್ದರೂ ಮೇ ಅರ್ಧದವರೆಗೆ ಆ ಡಿಸ್ಟ್ರಿಬ್ಯೂಟರ್ ಒಂದು ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಮೂರು ತಿಂಗಳ ಪ್ರೊಬೇಷನ್ ಇದ್ದರೆ ಅಷ್ಟರಲ್ಲಿ ಅದರ ಅರ್ಧ ಕಳೆದಿರುತ್ತದೆ. ಇನ್ನೊಂದು ಪೆಟ್ಟು ಮುಂದಿನ ಮಾರ್ಚ್‌ಗೆ ಕಾದಿರುತ್ತದೆ: ಕಳೆದ ವರ್ಷದ ಅದೇ ತಿಂಗಳಿನ ಮೇಲೆ ಶೇ 15 ಬೆಳವಣಿಗೆ ಎಂದರೆ, ಆ ಹೊರಿಸಿದ 15 ಲಕ್ಷದ ಮೇಲೆಯೇ ಬೆಳವಣಿಗೆ ಕೇಳುತ್ತಾರೆ.

ಆದ್ದರಿಂದ ಸಂದರ್ಶನದಲ್ಲಿ ಕೇಳಬೇಕಾದದ್ದು ಕಳೆದ 12 ತಿಂಗಳ ಸೆಕೆಂಡರಿ, ಇಂದಿನ ಕ್ಲೋಸಿಂಗ್ ಸ್ಟಾಕ್ (ಗೋದಾಮಿನಲ್ಲಿ ಉಳಿದ ಮಾಲು), ಬಾಕಿ ಉಳಿದ ಕ್ಲೇಮು (ಕಂಪನಿಯಿಂದ ಡಿಸ್ಟ್ರಿಬ್ಯೂಟರನಿಗೆ ಬರಬೇಕಾದ ಹಣ). ಮೂರೇ ಅಂಕಿ. ‘ಸೇರಿದ ಮೇಲೆ ಗೊತ್ತಾಗುತ್ತದೆ’ ಎಂಬ ಉತ್ತರ ಬಂದರೆ ಆ ಊರಿನ ಡಿಸ್ಟ್ರಿಬ್ಯೂಟರನನ್ನು ಒಂದು ಸಲ ಕಂಡು ಮಾತಾಡಿಸದೆ ಒಪ್ಪಿಕೊಳ್ಳಬಾರದು. ಅವನ ಗೋದಾಮಿನ ಬಾಗಿಲಲ್ಲಿ ನಿಂತರೆ ಅರ್ಧ ಉತ್ತರ ಕಣ್ಣಿಗೇ ಬೀಳುತ್ತದೆ. ಪೆಟ್ಟಿಗೆಗಳ ಮೇಲಿನ ತಯಾರಿಕೆ ತಿಂಗಳು ನೋಡಿದರಾಯಿತು.

ಇನ್ನು ಪಗಾರ. ‘ಸಿಟಿಸಿ 3 ಲಕ್ಷ’ (ನೌಕರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಂದು ಹೇಳಿದಾಗ ಹುಡುಗರು 12ರಿಂದ ಭಾಗಿಸಿ 25,000 ಎಂದು ಮನೆಗೆ ಫೋನ್ ಮಾಡಿಬಿಡುತ್ತಾರೆ. ಬಿಡಿಸಿ ನೋಡೋಣ. ಅದರಲ್ಲಿ ತಿಂಗಳಿಗೆ 5,000 ಇನ್ಸೆಂಟಿವ್ ಸೇರಿದೆ, ಟಾರ್ಗೆಟ್ ಆದರೆ ಮಾತ್ರ ಅದು ಬರುತ್ತದೆ. ಮೂಲ ವೇತನ 12,000 ಇದ್ದರೆ ಕಂಪನಿ ಕಟ್ಟುವ ಶೇ 12ರ ಪಿಎಫ್ 1,440 ರೂಪಾಯಿಯೂ ಗ್ರ್ಯಾಚುಟಿಯ ಹೆಸರಿನ ಶೇ 4.81, ಅಂದರೆ 577 ರೂಪಾಯಿಯೂ ಸಿಟಿಸಿಯೊಳಗೇ ಇರುತ್ತವೆ. ಕಂಪನಿಯ ಪಾಲಿನ ಇಎಸ್‌ಐ ಶೇ 3.25 ಕೂಡ ಅಲ್ಲೇ, ಸುಮಾರು 566. ಉಳಿದದ್ದು 17,417. ಇದರಲ್ಲಿ ನೌಕರನ ಪಾಲಿನ ಪಿಎಫ್ 1,440, ಇಎಸ್‌ಐ ಶೇ 0.75ರಂತೆ 131 ಹೋಗಿ ಕೈಗೆ ಬರುವುದು 15,846 ರೂಪಾಯಿ. ಪಿಎಫ್, ಇಎಸ್‌ಐ ನೌಕರನ ಹಿತಕ್ಕೇ ಇರುವಂಥವು, ಅವುಗಳ ಬಗ್ಗೆ ತಕರಾರಿಲ್ಲ. ಆದರೆ 25,000ಕ್ಕೂ 15,846ಕ್ಕೂ ನಡುವಿನ ಅಂತರವನ್ನು ಮೊದಲ ತಿಂಗಳ ಪಗಾರದ ಚೀಟಿ ನೋಡಿ ತಿಳಿಯುವಂತಾಗಬಾರದು. ‘ಟಾರ್ಗೆಟ್ ಸೊನ್ನೆ ಆದ ತಿಂಗಳು ಬ್ಯಾಂಕ್ ಖಾತೆಗೆ ಎಷ್ಟು ಬೀಳುತ್ತದೆ?’ ಈ ಒಂದು ಪ್ರಶ್ನೆ ಕೇಳಿದರೆ ಎಲ್ಲವೂ ಹೊರಬರುತ್ತದೆ. ಇದನ್ನು ಕೇಳಿದರೆ ಸೋಮಾರಿ ಎಂದುಕೊಂಡಾರು ಎಂಬ ಅಳುಕು ಬೇಡ. ಲೆಕ್ಕ ಕೇಳುವವನೇ ನಾಳೆ ಅಂಗಡಿಯಲ್ಲಿ ಲೆಕ್ಕ ಹಿಡಿಯುವವನು.

ಇನ್ಸೆಂಟಿವ್‌ಗೆ ‘ಗೇಟ್’ ಎಂಬುದೊಂದು ಇರುತ್ತದೆ. ಟಾರ್ಗೆಟ್‌ನ ಶೇ 90 ದಾಟದಿದ್ದರೆ ಒಂದು ರೂಪಾಯಿಯೂ ಇಲ್ಲ, ಅಥವಾ ಒಟ್ಟು ಮಾರಾಟ ಆದರೂ ಹೊಸ ಐಟಂ ಹೋಗದಿದ್ದರೆ ಇಲ್ಲ. ಗೇಟ್ ಎಷ್ಟು, ತಿಂಗಳಿಗೋ ಮೂರು ತಿಂಗಳಿಗೋ, ವಾಪಸು ಬಂದ ಮಾಲನ್ನು ಕಳೆಯುತ್ತಾರೋ ಎಂದು ಬರೆಸಿಕೊಳ್ಳಬೇಕು.

ಪೆಟ್ರೋಲಿನದು ಬೇರೆಯೇ ಕತೆ. ನಮ್ಮ ಜಿಲ್ಲೆ ದೊಡ್ಡದು. ‘ಹೆಡ್‌ಕ್ವಾರ್ಟರ್ ಬೆಳಗಾವಿ’ ಎಂದು ಹೇಳಿ ಕೈಗೆ ಗೋಕಾಕ, ಸವದತ್ತಿ, ಬೈಲಹೊಂಗಲ ಕೊಡುತ್ತಾರೆ. ದಿನಕ್ಕೆ 100 ಕಿಲೋಮೀಟರ್ ಬೈಕ್ ಓಡಿದರೆ 25 ದಿನಕ್ಕೆ 2,500. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿಗೆ 50 ಲೀಟರ್ ಬೇಕು. ಲೀಟರಿನ ದರ ನೂರರ ಮೇಲಿರುವಾಗ ಅದೇ 5,000 ದಾಟುತ್ತದೆ. ‘ತಿಂಗಳಿಗೆ 3,000 ಪೆಟ್ರೋಲ್ ಅಲೌನ್ಸ್’ ಎಂದು ಖುಷಿಪಟ್ಟವನು 2,000ವನ್ನು ತನ್ನ ಪಗಾರದಿಂದ ಹಾಕುತ್ತಾನೆ. ತಿಂಗಳಿಗೊಮ್ಮೆ ಆಯಿಲ್ ಬದಲಾವಣೆ, ಟೈರು, ಚೈನು ಲೆಕ್ಕಕ್ಕೇ ಇಲ್ಲ. ಕಿಲೋಮೀಟರಿಗೆ ಇಂತಿಷ್ಟು ಎಂದು ಕೊಡುವ ಕಂಪನಿ ಯಾವಾಗಲೂ ಮೇಲು. ರಾತ್ರಿ ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಉಳಿಯಬೇಕಾದರೆ ರೂಮಿಗೆ ಎಷ್ಟು, ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತದೆ ಎಂಬುದನ್ನೂ ಕೇಳಬೇಕು. ಎರಡು ತಿಂಗಳ ಖರ್ಚಿನ ಬಿಲ್ಲು ನಿಂತರೆ ಹೊಸಬ ಸಾಲ ಮಾಡಿ ಕೆಲಸ ಮಾಡಿದಂತೆ.

ಇಷ್ಟು ಅಭ್ಯರ್ಥಿ ಕೇಳಬೇಕಾದದ್ದು. ಅವನಿಗೆ ತಿಳಿದಿರಬೇಕಾದದ್ದೂ ಇದೆ, ಅದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಬಿ.ಕಾಂ., ಬಿಬಿಎ ಮುಗಿಸಿದವರೂ ಸಂದರ್ಶನದಲ್ಲಿ ತೊಡರುವುದು ನಾಲ್ಕು ಸಣ್ಣ ಲೆಕ್ಕಗಳಲ್ಲಿ. ಅಂಗಡಿಯವನು 80ಕ್ಕೆ ತಂದು 100ಕ್ಕೆ ಮಾರಿದರೆ ಮಾರ್ಜಿನ್ ಎಷ್ಟು? ಮಾರಿದ ಬೆಲೆಯ ಮೇಲೆ ಶೇ 20, ತಂದ ಬೆಲೆಯ ಮೇಲೆ ಶೇ 25. ಯಾವುದರ ಮೇಲೆ ಎಂದು ತಿರುಗಿ ಕೇಳುವುದೇ ಸರಿಯಾದ ಉತ್ತರ. 12 ಪೆಟ್ಟಿಗೆಗೆ 1 ಉಚಿತ ಎಂದರೆ ಎಷ್ಟು ರಿಯಾಯಿತಿ? ಹತ್ತರಲ್ಲಿ ಒಂಬತ್ತು ಮಂದಿ 1ನ್ನು 12ರಿಂದ ಭಾಗಿಸಿ ಶೇ 8.33 ಎನ್ನುತ್ತಾರೆ. ಕೈಗೆ ಬರುವುದು 13 ಪೆಟ್ಟಿಗೆ, ಹಾಗಾಗಿ ಶೇ 7.69. ಖಡೇಬಜಾರದ ಹೋಲ್‌ಸೇಲ್ ವ್ಯಾಪಾರಿ ಇದನ್ನು ಬಾಯಲ್ಲೇ ಹೇಳುತ್ತಾನೆ, ಅವನ ಮುಂದೆ ತಪ್ಪಿದರೆ ಆಮೇಲೆ ಹೇಳುವ ಯಾವ ಮಾತಿಗೂ ತೂಕವಿರುವುದಿಲ್ಲ.

ಮೂರನೆಯದು ಬೀಟ್‌ನ, ಅಂದರೆ ದಿನದ ಅಂಗಡಿ ಸುತ್ತಿನ ಲೆಕ್ಕ. ದಿನಕ್ಕೆ 40 ಅಂಗಡಿ, ಅದರಲ್ಲಿ 22 ಬಿಲ್ಲು, ಬಿಲ್ಲಿಗೆ ಸರಾಸರಿ 900 ರೂಪಾಯಿ. ದಿನಕ್ಕೆ 19,800, ಇಪ್ಪತ್ತೈದು ದಿನಕ್ಕೆ 4,95,000. ಟಾರ್ಗೆಟ್ 6 ಲಕ್ಷ. ಏನು ಮಾಡುತ್ತೀರಿ ಎಂದಾಗ ‘ಕಷ್ಟಪಟ್ಟು ದುಡಿಯುತ್ತೇನೆ ಸರ್’ ಎಂಬುದು ಉತ್ತರವಲ್ಲ. ಬಿಲ್ಲುಗಳು 22ರಿಂದ 27ಕ್ಕೆ ಏರಿದರೆ 6,07,500 ಆಗುತ್ತದೆ. ಇಲ್ಲವೇ ಅದೇ 22 ಅಂಗಡಿಗಳಲ್ಲಿ ಬಿಲ್ಲು 1,100ಕ್ಕೆ ಏರಿದರೆ 6,05,000. ಎರಡನೆಯದು ಸುಲಭ, ಏಕೆಂದರೆ ಈಗಾಗಲೇ ಕೊಳ್ಳುವವನಿಗೆ ಇನ್ನೊಂದು ಐಟಂ ಕೊಡುವುದು, ಕೊಳ್ಳದವನನ್ನು ಕೊಳ್ಳುವಂತೆ ಮಾಡುವುದಕ್ಕಿಂತ ಬೇಗ ಆಗುವ ಕೆಲಸ. ಇಷ್ಟು ಹೇಳಿದ ಹುಡುಗನನ್ನು ತಿಳಿದ ಮ್ಯಾನೇಜರ್ ಬಿಡುವುದಿಲ್ಲ.

ನಾಲ್ಕನೆಯದು ಡಿಸ್ಟ್ರಿಬ್ಯೂಟರನ ಲಾಭ. ತಿಂಗಳಿಗೆ 10 ಲಕ್ಷ ವ್ಯಾಪಾರ, ಶೇ 5ರಂತೆ 50,000 ಮಾರ್ಜಿನ್. ಗಾಡಿ, ಹುಡುಗರು, ಗೋದಾಮು ಸೇರಿ 30,000 ಖರ್ಚು. ಉಳಿಯುವುದು 20,000. ಅವನು ತೊಡಗಿಸಿದ ದುಡ್ಡು ಎಂದರೆ ಮಾಲು 5 ಲಕ್ಷ, ಮಾರ್ಕೆಟ್‌ನಲ್ಲಿ ಉದ್ರಿ 4 ಲಕ್ಷ, ಕಂಪನಿಯಿಂದ ಬರಬೇಕಾದ ಕ್ಲೇಮು 1 ಲಕ್ಷ, ಒಟ್ಟು 10 ಲಕ್ಷ. ವರ್ಷಕ್ಕೆ ಶೇ 24. ಕ್ಲೇಮು 3 ಲಕ್ಷಕ್ಕೆ ಏರಿದರೆ ತೊಡಗಿದ್ದು 12 ಲಕ್ಷವಾಗಿ ಲಾಭ ಶೇ 20ಕ್ಕೆ ಇಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಮುಖ ಗಂಟಿಕ್ಕಿಕೊಂಡು ಕೂರುವುದು ಇದಕ್ಕೆ.

ಪೆನ್ನಿನ ಪ್ರಶ್ನೆಗೆ ಬರೋಣ. ಅದನ್ನು ಕೇಳುವವರಿಗೆ ಬೇಕಾದದ್ದು ಪೆನ್ನಿನ ಹೊಗಳಿಕೆಯಲ್ಲ. ದಿನಕ್ಕೆ ಎಷ್ಟು ಬರೆಯುತ್ತೀರಿ, ಈಗಿನ ಪೆನ್ನಿನ ತೊಂದರೆ ಏನು, ಡಜನ್ ಕೊಳ್ಳುತ್ತೀರೋ ಬಿಡಿಯಾಗಿಯೋ ಎಂದು ಮೊದಲು ಕೇಳುವ ಅಭ್ಯಾಸವಿದೆಯೇ ಎಂದು ನೋಡುತ್ತಾರೆ. ಅಷ್ಟು ತಿಳಿದಿದ್ದರೆ ಸಾಕು. ಆದರೆ ನಮ್ಮ ಊರಿನ ಸಂದರ್ಶನಗಳಲ್ಲಿ ಈ ಪೆನ್ನಿಗಿಂತ ಉಪಯೋಗದ ಪರೀಕ್ಷೆ ಬೇರೆ ಇದೆ. ಸವದತ್ತಿಯ ಒಂದು ಕಿರಾಣಿ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರು ಸಕ್ಕರೆ ತೂಗುತ್ತಿದ್ದಾರೆ, ಎದುರಿಗೆ ನಾಲ್ವರು ಗಿರಾಕಿಗಳು. ಹೊಸ ಹುಡುಗ ಟ್ಯಾಬ್ ತೆರೆದು ಸ್ಕೀಮ್ ಹೇಳತೊಡಗುತ್ತಾನೆ. ಯಜಮಾನರು ತಲೆ ಎತ್ತದೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ರಟ್ಟಿನ ಡಬ್ಬಿ ಎಳೆದು ಮುಂದಿಡುತ್ತಾರೆ. ಒಳಗೆ ಮುದುಡಿದ, ತಾರೀಖು ಮುಗಿದ ಬಿಸ್ಕತ್ತಿನ ಪೊಟ್ಟಣಗಳು.

‘ತಮ್ಮಾ, ನಿನಗಿಂತ ಮೊದಲ ಬರತಿದ್ದ ಹುಡುಗ ಒಯ್ತೇನಿ ಅಂತ ಹೇಳಿ ಹ್ವಾದಾಂವ ಮತ್ತ ಮಾರಿ ತೋರಿಸಿಲ್ಲ. ಮೊದಲ ಇದನ್ನ ಒಯ್ಯಿ, ಆಮ್ಯಾಲ ಹೊಸ ಮಾಲಿನ ಮಾತ.’

ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿ ನೋಡಿ. ‘ಕಂಪನಿ ಕೊಡುತ್ತೆ, ನಾನು ಹೇಳ್ತೀನಿ’ ಎಂದವನು ಮುಂದಿನ ವಾರ ಆ ಅಂಗಡಿ ತಪ್ಪಿಸಿ ಪಕ್ಕದ ಗಲ್ಲಿಯಲ್ಲಿ ಹೋಗುತ್ತಾನೆ. ಗಿರಾಕಿಗಳು ಹೋಗುವವರೆಗೆ ನಿಂತು, ಪೊಟ್ಟಣ ಎಣಿಸಿ, ಐಟಂ, ಬ್ಯಾಚು, ತಾರೀಖು ಬರೆದುಕೊಂಡು, ‘ಸಾವಕಾರ್ರ, ಇದರಾಗ 18 ಅದಾವ, ಡಿಸ್ಟ್ರಿಬ್ಯೂಟರ್‌ಗೆ ಚೀಟಿ ಕೊಡತೇನಿ, ಎಷ್ಟ ಪಾಸ್ ಆಗತಾವ ಅಂತ ಬರೂ ಮಂಗಳವಾರ ನಾನs ಬಂದು ಹೇಳತೇನಿ’ ಎಂದವನಿಗೆ ಆ ದಿನ ಆರ್ಡರ್ ಸಿಗದಿರಬಹುದು. ಆದರೆ ಆ ಬೀಟ್ ಅವನದಾಗುತ್ತದೆ. ಎಲ್ಲ ಪೊಟ್ಟಣಗಳಿಗೂ ಕಂಪನಿ ದುಡ್ಡು ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತು, ಅದಕ್ಕೇ ಅವನು ಭರವಸೆ ಕೊಡಲಿಲ್ಲ, ದಿನ ಕೊಟ್ಟ. ಸಂದರ್ಶನ ಮಾಡುವವರು ಹುಡುಕಬೇಕಾದದ್ದು ಇಂಥ ಗುಣವನ್ನು.

ಇದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹುಡುಕಲು ಆಗುವುದಿಲ್ಲ. ಹೊರ ರಾಜ್ಯದಿಂದ ಬಂದ ಮ್ಯಾನೇಜರ್‌ಗಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ತಡವರಿಸಿದವನನ್ನು ‘ಕಮ್ಯುನಿಕೇಷನ್ ಸರಿಯಿಲ್ಲ’ ಎಂದು ಹೊರಗೆ ಕಳಿಸುತ್ತಾರೆ. ಬೈಲಹೊಂಗಲ, ರಾಮದುರ್ಗದ ಅಂಗಡಿಗಳಲ್ಲಿ ವ್ಯವಹಾರ ನಡೆಯುವುದು ಕನ್ನಡದಲ್ಲಿ. ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ ಬಂದರೆ ಅನುಕೂಲ. ವರದಿ ಬರೆಯಲು, ಮೇಲ್ ಓದಲು ಇಂಗ್ಲಿಷ್ ಬೇಕು, ನಿಜ. ಅದಕ್ಕೆ ಒಂದು ಪುಟ ಬರೆಸಿ ನೋಡಲಿ. ಮಾತಿನ ಪರೀಕ್ಷೆ ಮಾರ್ಕೆಟ್‌ನ ಭಾಷೆಯಲ್ಲೇ ಆಗಬೇಕು. ಇದು ಅಭಿಮಾನದ ಮಾತಷ್ಟೇ ಅಲ್ಲ, ಕಂಪನಿಯ ಲಾಭದ ಮಾತೂ ಹೌದು.

ಬೀಜ, ಕೀಟನಾಶಕದ ಕಂಪನಿಗಳಿಗೆ ಹೋಗುವವರು ವಸೂಲಿಯ ಬಗ್ಗೆ ಕೇಳದೆ ಬರಬಾರದು. ಸೋಯಾಬೀನ್ ಬೀಜದ ವ್ಯಾಪಾರ ಮೇ, ಜೂನ್‌ನಲ್ಲಿ ಮುಗಿಯುತ್ತದೆ. ರೈತನ ಕೈಗೆ ರೊಕ್ಕ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನ ರಾಶಿಯ ನಂತರ. ಅಲ್ಲಿಯವರೆಗೆ ಡೀಲರ್ ಉದ್ರಿಯಲ್ಲಿರುತ್ತಾನೆ. ಕಬ್ಬಿನ ಊರುಗಳಲ್ಲಿ ಕಾರ್ಖಾನೆಯ ಬಿಲ್ಲಿನ ಮೇಲೆ ಎಲ್ಲ ನಿಂತಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ರೈತ, ಡೀಲರ್, ಸೇಲ್ಸ್‌ಮನ್ ಮೂವರೂ ಸಾಲಾಗಿ ನಿಲ್ಲುತ್ತಾರೆ. ಮಾರಾಟವಾಗದ ಬೀಜ ವಾಪಸು ಬಂದಾಗ ಜೂನ್‌ನಲ್ಲಿ ಮುಟ್ಟಿದ್ದ ಟಾರ್ಗೆಟ್ ಆಗಸ್ಟ್‌ನಲ್ಲಿ ಕರಗುತ್ತದೆ. ಹಳೆಯ ಬಾಕಿ ಎಷ್ಟು, ಅದನ್ನು ವಸೂಲು ಮಾಡುವುದು ಯಾರ ತಲೆಯ ಮೇಲೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಎಂ.ಆರ್., ಅಂದರೆ ಔಷಧ ಕಂಪನಿಯ ಪ್ರತಿನಿಧಿಯ ಕೆಲಸಕ್ಕೆ ಒಂದು ಔಷಧದ ವಿವರವನ್ನು ಎರಡು ನಿಮಿಷದಲ್ಲಿ ಹೇಳಲು ಕೊಡುತ್ತಾರೆ. ಬಾಯಿಪಾಠ ಒಪ್ಪಿಸುವಾಗ ಮಧ್ಯೆ ತಡೆದು ಅಡ್ಡಪ್ರಶ್ನೆ ಹಾಕುತ್ತಾರೆ. ಗೊತ್ತಿಲ್ಲದಿದ್ದರೆ ‘ವಿಚಾರಿಸಿ ನಾಳೆ ತಿಳಿಸುತ್ತೇನೆ’ ಎನ್ನುವುದೇ ಸರಿ. ಡೋಸಿನ ವಿಷಯದಲ್ಲಿ ಊಹೆ ಹೇಳಿದವನನ್ನು ಒಳ್ಳೆಯ ಕಂಪನಿ ತೆಗೆದುಕೊಳ್ಳಬಾರದು. ‘ಡಾಕ್ಟರನ್ನು ಹೇಗೆ ಒಲಿಸಿಕೊಳ್ಳುತ್ತೀರಿ’ ಎಂದು ಕೇಳಿದರೆ ಉಡುಗೊರೆಯ ಮಾತು ಎತ್ತಬೇಡಿ. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಸಂಹಿತೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಹೆಣ್ಣುಮಕ್ಕಳಿಗೆ ‘ಮದುವೆ ಯಾವಾಗ’ ಎಂಬ ಪ್ರಶ್ನೆ ಇನ್ನೂ ಬೀಳುತ್ತಿದೆ. ಅದರ ಬದಲು ಅವರ ರೂಟ್ ಯಾವುದು, ಸಂಜೆ ವಾಪಸು ಬರುವ ಕಡೆಯ ಬಸ್ಸು ಎಷ್ಟಕ್ಕೆ, ಕರ್ತವ್ಯದ ಊರಿನಲ್ಲಿ ಕೂರಲು, ಶೌಚಕ್ಕೆ ಜಾಗವಿದೆಯೇ ಎಂಬುದನ್ನು ಕಂಪನಿಯೇ ಯೋಚಿಸಿ ಹೇಳಲಿ. ಹೋಟೆಲಿನ ರೂಮಿನಲ್ಲಿ ಸಂದರ್ಶನ ಇಡುವುದು ನಿಲ್ಲಬೇಕು. ಕಚೇರಿ ಇಲ್ಲದಿದ್ದರೆ ಎಲ್ಲರಿಗೂ ಕಾಣುವ ಹಾಲ್ ಸಾಕು.

ಮೋಸದ ಸಂದರ್ಶನಗಳನ್ನು ಗುರುತಿಸುವುದು ಕಷ್ಟವಲ್ಲ. ನೋಂದಣಿ, ಟ್ರೈನಿಂಗ್ ಕಿಟ್, ಯೂನಿಫಾರ್ಮ್ ಯಾವುದರ ಹೆಸರಿನಲ್ಲೇ ಆಗಲಿ ಮೊದಲು ದುಡ್ಡು ಕೇಳಿದರೆ ಎದ್ದು ಬನ್ನಿ. ಆನ್‌ಲೈನಿನಲ್ಲಿ ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಕಚೇರಿಗೆ ಹೋದರೆ ಅಲ್ಲಿ ಐವತ್ತು ಜನರನ್ನು ಕೂರಿಸಿ, ಚಪ್ಪಾಳೆ ಹೊಡೆಸಿ, ‘ಇನ್ನಿಬ್ಬರನ್ನು ಸೇರಿಸಿ’ ಎನ್ನುತ್ತಿದ್ದರೆ ಅದು ಸಂದರ್ಶನವೇ ಅಲ್ಲ. ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಯೋಜನೆಗಳನ್ನು 1978ರ ಕಾಯ್ದೆಯೂ 2021ರ ನೇರ ಮಾರಾಟ ನಿಯಮಗಳೂ ನಿಷೇಧಿಸಿವೆ. ವಿಮೆಯಲ್ಲಿ ‘ಮ್ಯಾನೇಜರ್ ಹುದ್ದೆ’ ಎಂದು ಕರೆದು ಐಸಿ-38 ಪರೀಕ್ಷೆಗೆ ಕೂರಿಸಿದರೆ ಅದು ಕಮಿಷನ್ ಮೇಲಿನ ಏಜೆಂಟ್ ಕೆಲಸ. ಗೌರವದ ಕೆಲಸವೇ, ಆದರೆ ಅದಕ್ಕೆ ಪಗಾರವಿಲ್ಲ. ಮೂಲ ಅಂಕಪಟ್ಟಿ, ಸಹಿ ಮಾಡಿದ ಖಾಲಿ ಚೆಕ್ಕು ಯಾರಿಗೂ ಕೊಡಬೇಡಿ. ತೋರಿಸಿ, ನಕಲು ಕೊಟ್ಟು, ವಾಪಸು ತನ್ನಿ. ‘ಒಂದು ವಾರ ಮಾರ್ಕೆಟ್ ಕೆಲಸ ಮಾಡಿ ತೋರಿಸಿ’ ಎನ್ನುವುದೂ ಸಲ್ಲದು. ಒಂದು ದಿನ ಜೊತೆಯಲ್ಲಿ ಸುತ್ತಾಡುವುದು ಇಬ್ಬರಿಗೂ ಒಳ್ಳೆಯದು, ವಾರಪೂರ್ತಿ ಆರ್ಡರ್ ತೆಗೆಸಿದರೆ ಅದಕ್ಕೆ ಕೂಲಿ ಕೊಡಬೇಕು.

ಆಯ್ಕೆಯಾದ ಮೇಲೆ ನೇಮಕಾತಿ ಪತ್ರ. ಔಷಧ ಪ್ರತಿನಿಧಿಗಳಿಗಾಗಿ 1976ರ ಮಾರಾಟ ಪ್ರವರ್ಧನಾ ನೌಕರರ ಕಾಯ್ದೆಯೇ ಇದನ್ನು ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕೆಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ‘ಸೋಮವಾರ ಬನ್ನಿ’ ಎಂಬುದು ನೇಮಕಾತಿಯಲ್ಲ. ಪತ್ರದಲ್ಲಿ ಹೆಡ್‌ಕ್ವಾರ್ಟರ್, ತಾಲ್ಲೂಕುಗಳ ಹೆಸರು, ನಿಗದಿತ ಪಗಾರ, ನೋಟಿಸ್ ಅವಧಿ ಇವೆಯೇ ನೋಡಿ. ಪತ್ರ ಕೊಡುವುದು ಯಾರು ಎಂಬುದೂ ಮುಖ್ಯ. ಕಂಪನಿಯ ಹೆಸರಿನಲ್ಲಿ ಸಂದರ್ಶನ ನಡೆದು, ಪತ್ರ ಯಾವುದೋ ಮಾನವಶಕ್ತಿ ಏಜೆನ್ಸಿಯದು ಅಥವಾ ಡಿಸ್ಟ್ರಿಬ್ಯೂಟರನದು ಆಗಿರುವುದು ಈಗ ಸಾಮಾನ್ಯ. ಅದು ತಪ್ಪೆಂದಲ್ಲ. ಪಿಎಫ್ ಯಾರು ಕಟ್ಟುತ್ತಾರೆ, ಕಾಯಂ ಆಗುವ ದಾರಿ ಇದೆಯೇ ಎಂದು ಆಗ ಕೇಳಿ ಸಹಿ ಹಾಕಬೇಕು.

ಕಂಪನಿಗಳ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಅಥಣಿಯಿಂದ ಬರುವವನಿಗೆ ಸರದಿಯ ಸಮಯ ಮೊದಲೇ ತಿಳಿಸಲಿ, ಎಲ್ಲರನ್ನೂ 10 ಗಂಟೆಗೇ ಕರೆಯುವುದು ಬೇಡ. ಆಯ್ಕೆ ಆಗದಿದ್ದರೂ ಏಳು ದಿನದೊಳಗೆ ಒಂದು ಸಂದೇಶ ಹೋಗಲಿ. ಆ ಒಂದು ಸಾಲಿಗಾಗಿ ಕಾಯುತ್ತ ಇನ್ನೊಂದು ಕೆಲಸ ಬಿಟ್ಟವರಿದ್ದಾರೆ.

ಕಡೆಯದಾಗಿ ನಿಮ್ಮಲ್ಲೇ ಒಂದು ವಿನಂತಿ. ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ‘ಸೇಲ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ, ಆಕರ್ಷಕ ವೇತನ’ ಎಂಬ ಸಾಲಿನ ಜೊತೆ ಒಂದು ಮೊಬೈಲ್ ನಂಬರ್ ಮಾತ್ರ ಇರುತ್ತದೆ. ಇಂಥ ಜಾಹೀರಾತು ತೆಗೆದುಕೊಳ್ಳುವಾಗ ಸಂಸ್ಥೆಯ ಹೆಸರು, ಕೆಲಸದ ತಾಲ್ಲೂಕು, ಇನ್ಸೆಂಟಿವ್ ಬಿಟ್ಟು ನಿಗದಿತ ಪಗಾರ, ಬೈಕು ಬೇಕೋ ಬೇಡವೋ ಎಂಬ ನಾಲ್ಕು ವಿವರಗಳನ್ನು ಕಡ್ಡಾಯ ಮಾಡಿ. ಎರಡು ಸಾಲು ಹೆಚ್ಚಾದೀತು. ಆ ಎರಡು ಸಾಲು ಓದಿ, ಬರಬೇಕೋ ಬೇಡವೋ ಎಂದು ಹುಡುಗರು ಊರಲ್ಲೇ ತೀರ್ಮಾನಿಸಬಹುದು.

ಇಂತಿ,
ಕಿರಾಣಿ, ಔಷಧ ಮತ್ತು ಬೀಜ ಮಾರಾಟದಲ್ಲಿ ದುಡಿಯುತ್ತಿರುವ ಕೆಲವರು
ಟಿಳಕವಾಡಿ, ಬೆಳಗಾವಿ